ಇನ್ನೂ ಒಂದು ವರ್ಷದ ರಿಟರ್ನ್

ಹತ್ತು ಗಂಟೆಗೆ ಬನ್ನಿ ಎಂದರೆ ಎಲ್ಡನ್ ಒಂಬತ್ತಕ್ಕೇ ಬಂದು ಕೂರುತ್ತಿದ್ದ.

ನದಿಯ ಆಚೆ ಕೆನಡಾದ ಸೇಂಟ್ ಸ್ಟೀಫನ್. ಈಚೆ ಅಮೆರಿಕದ ಕ್ಯಾಲಸ್. ನಡುವೆ ಐದು ನಿಮಿಷದ ಸೇತುವೆ, ಆದರೆ ಗಡಿಯಾರಗಳಿಗೆ ಒಂದು ಗಂಟೆಯ ಅಂತರ. ಅಲ್ಲಿ ಹತ್ತಾದಾಗ ಇಲ್ಲಿ ಲೆನೋರಾಳ ತೆರಿಗೆ ಕಚೇರಿಯಲ್ಲಿ ಒಂಬತ್ತು.

"ಮತ್ತೆ ನಿಮ್ಮೂರಿನ ಹತ್ತಕ್ಕೆ ಬಂದ್ರಾ?" ಎಂದು ಅವಳು ಕನ್ನಡಕದ ಮೇಲಿಂದ ನೋಡುತ್ತಿದ್ದಳು.

"ಮರೆತೇ ಹೋಯ್ತು ಮೇಡಂ. ವಯಸ್ಸಾಯ್ತಲ್ಲ."

ಹುಟ್ಟಿದಾಗಿನಿಂದ ಈ ಎರಡು ಗಡಿಯಾರಗಳ ನಡುವೆ ಬದುಕಿದವನು ಮರೆಯುವುದುಂಟೆ? ಅವಳಿಗೆ ಗೊತ್ತಿತ್ತು. ಅದಕ್ಕೇ ಅವನು ಬರುವ ದಿನ ಒಂಬತ್ತರಿಂದ ಹತ್ತರವರೆಗೆ ಬೇರೆ ಯಾರಿಗೂ ಸಮಯ ಕೊಡುತ್ತಿರಲಿಲ್ಲ. ಕಾಫಿ ಎರಡು ಲೋಟಕ್ಕಾಗುವಷ್ಟೇ ಇಳಿಸಿರುತ್ತಿದ್ದಳು.

ಅವನು ಮೊದಲು ಬಂದದ್ದು ಹನ್ನೊಂದು ವರ್ಷದ ಹಿಂದೆ, ಬ್ಯಾಂಕಿನಿಂದ ಬಂದ ಕಾಗದ ಹಿಡಿದು, ಮುಖ ಸಿಂಡರಿಸಿಕೊಂಡು. "ನೀವು ಹುಟ್ಟಿದ್ದು ಎಲ್ಲಿ?" ಎಂದು ಬ್ಯಾಂಕು ಕೇಳಿತ್ತು. ಆ ಕಾಲದಲ್ಲಿ ಹೆರಿಗೆ ನೋವು ಬಂದರೆ ಆಚೆಯವರು ಸೇತುವೆ ದಾಟಿ ಈಚೆಯ ಆಸ್ಪತ್ರೆಗೆ ಬರುತ್ತಿದ್ದರು, ಅದೇ ಹತ್ತಿರವೆಂದು. ಅವನ ತಾಯಿಯೂ ಬಂದಿದ್ದಳು. ಎರಡು ದಿನದ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ಮರಳಿದ್ದಳು. ಆ ಎರಡು ದಿನಕ್ಕೆ ಎಲ್ಡನ್ ಜೀವಮಾನವೆಲ್ಲ ಅಮೆರಿಕದ ಪ್ರಜೆ. ಎಲ್ಲಿ ದುಡಿದರೂ, ಎಲ್ಲಿ ಉಳಿಸಿದರೂ ಪ್ರತಿ ವರ್ಷ ಅಮೆರಿಕಕ್ಕೆ ಲೆಕ್ಕ ಒಪ್ಪಿಸಬೇಕು.

"ಎರಡು ದಿನ ಹಾಲು ಕುಡಿದದ್ದಕ್ಕೆ ಇಷ್ಟು ದೊಡ್ಡ ಬಿಲ್ಲಾ?" ಎಂದಿದ್ದ. ಲೆನೋರಾ ನಕ್ಕುಬಿಟ್ಟಿದ್ದಳು. ಗಂಡ ಸತ್ತ ನಾಲ್ಕು ವರ್ಷದಲ್ಲಿ ಅಷ್ಟು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಎಲ್ಡನ್ ಚಾಕೊಲೇಟ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವನು. ಹೆಂಡತಿ ಎಂದೋ ಬಿಟ್ಟುಹೋಗಿದ್ದಳು. ಇದ್ದ ಒಬ್ಬಳೇ ಮಗಳು ಜೋಸ್ಲಿನ್ ಶಾಲೆಯೊಂದರಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಳು. ಅವನಿಗಿದ್ದದ್ದು ಮೂರು ಖಾತೆ: ಬ್ಯಾಂಕಿನದೊಂದು, ನಿವೃತ್ತಿಗೆಂದು ಕೂಡಿಟ್ಟದ್ದೊಂದು, ಕೆನಡಾ ಸರ್ಕಾರ ತೆರಿಗೆ ಇಲ್ಲವೆಂದು ಕೊಟ್ಟ ಉಳಿತಾಯ ಖಾತೆಯೊಂದು.

"ನಿವೃತ್ತಿ ಹಣಕ್ಕೆ ತೆಗೆಯೋವರೆಗೆ ತೆರಿಗೆ ಇಲ್ಲ, ಎರಡು ದೇಶ ಒಪ್ಪಂದ ಮಾಡ್ಕೊಂಡಿವೆ," ಎಂದು ಅವಳು ಬೆರಳಿಟ್ಟು ತೋರಿಸುತ್ತಿದ್ದಳು. "ಈ ಮೂರನೇದಿದೆಯಲ್ಲ, ಇದರ ಬಡ್ಡಿ ಹೇಳಲೇಬೇಕು."

"ತೆರಿಗೆ ಇಲ್ಲ ಅಂತ ಅದರ ಹೆಸರಲ್ಲೇ ಇದೆಯಲ್ಲ."

"ನಿಮ್ಮ ದೇಶ ಇಲ್ಲ ಅಂದಿದೆ. ನಮ್ಮ ದೇಶ ಇಲ್ಲ ಅಂದಿಲ್ಲ."

"ನಿಮ್ಮ ದೇಶ ಬಹಳ ಹಟಮಾರಿ ಕಣ್ರೀ." ಅವಳು ಬೆರಳಿಟ್ಟ ಸಾಲನ್ನು ಅವನು ನೋಡುತ್ತಿರಲಿಲ್ಲ. ಬೆರಳನ್ನು ನೋಡುತ್ತಿದ್ದ. ಅವಳಿಗದು ಗೊತ್ತಾಗಿ, ಬೆರಳು ಅಲ್ಲಿಂದ ಸರಿಯಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿತ್ತು.

ವರ್ಷಕ್ಕೊಂದು ಬೆಳಗ್ಗೆ. ಹೊರದೇಶದಲ್ಲಿರುವವರಿಗೆ ಜೂನ್ ಹದಿನೈದರ ಗಡುವು. ಜೂನ್ ಮೊದಲ ವಾರದಲ್ಲಿ ಅವನು. ಉಳಿದ ದಿನಗಳನ್ನೆಲ್ಲ ಅವಳು ಆ ಬೆಳಗ್ಗೆಗೆ ಒರಗಿಸಿಟ್ಟು ಕಳೆಯುತ್ತಿದ್ದಳು.

ಮೂರು ವರ್ಷದ ಹಿಂದೆ ಅವನೇ ಕೇಳಿದ. "ಈ ಪೌರತ್ವ ಬಿಟ್ಟುಬಿಡಬಹುದಂತಲ್ಲ. ನಾಳೆ ನಾನು ಹೋದಮೇಲೆ ಜೋಸ್ಲಿನ್ ಈ ಫಾರ್ಮುಗಳಲ್ಲಿ ಸಿಕ್ಕಿಹಾಕಿಕೊಳ್ಳಬಾರದು. ಏನು ಮಾಡಬೇಕು?"

ಐದು ವರ್ಷದ ರಿಟರ್ನ್ ಸರಿಯಾಗಿರಬೇಕು, ಅಮೆರಿಕದ ಕಾನ್ಸುಲೇಟ್ ಕಚೇರಿಗೆ ಹೋಗಿ ಪೌರತ್ವ ಬಿಟ್ಟೆನೆಂದು ಪ್ರಮಾಣ ಮಾಡಬೇಕು, ಅಷ್ಟೆ. ಅವನ ಐದು ವರ್ಷ ಆಗಲೇ ಪೂರ್ತಿಯಾಗಿತ್ತು. ಒಂದೊಂದನ್ನೂ ಅವಳೇ ತುಂಬಿದ್ದಳು. ಬಿಟ್ಟುಬಿಟ್ಟರೆ ಇವನಿಗೆ ಇನ್ನು ಸೇತುವೆ ದಾಟುವ ಕೆಲಸವೇನು?

"ಇನ್ನೂ ಒಂದು ವರ್ಷದ ರಿಟರ್ನ್ ಬೇಕು," ಎಂದಿದ್ದಳು.

ಮರುವರ್ಷ, ಹಳೆಯದೊಂದರಲ್ಲಿ ಬಡ್ಡಿಯ ಲೆಕ್ಕ ತಿದ್ದಬೇಕು ಎಂದಳು. ಅದರ ಮರುವರ್ಷ, ಬರುವ ವರ್ಷಕ್ಕೆ ಖಂಡಿತ ಎಂದಳು. ಮೂವತ್ತು ವರ್ಷದ ಕಸುಬಿನಲ್ಲಿ ಯಾರ ಕಾಗದದಲ್ಲೂ ಒಂದು ಸುಳ್ಳಂಕಿ ಬರೆಯದವಳು. ಅವನ ಕಾಗದದಲ್ಲೂ ಬರೆಯಲಿಲ್ಲ. ಬಾಯಲ್ಲಿ ಹೇಳಿದಳು.

ಈ ಜೂನಿನಲ್ಲಿ ಅವನು ಸರಿಯಾಗಿ ಹತ್ತಕ್ಕೆ ಬಂದ. ಅವಳು ಮಾಡಿಟ್ಟ ಕಾಫಿ ಆರಿಹೋಗಿತ್ತು. ಅವನ ಕೋಟು ಮೈಮೇಲೆ ನೇತುಹಾಕಿದಂತಿತ್ತು.

"ಜೋಸ್ಲಿನ್ ಕಾರಲ್ಲಿ ಬಿಟ್ಟುಹೋದಳು," ಎಂದ. "ಅವಳಿಗೆ ಟೈಮು ಸರಿಯಾಗಿ ಗೊತ್ತು, ಏನು ಮಾಡೋದು."

ಅವಳಿಗೆ ನಗು ಬರಲಿಲ್ಲ. "ಏನಾಯ್ತು ಎಲ್ಡನ್?"

"ಹೊಟ್ಟೆಯೊಳಗೆ ಗೆಡ್ಡೆ. ಕ್ರಿಸ್‌ಮಸ್ ನೋಡಿದರೆ ಹೆಚ್ಚು ಅಂತಾರೆ." ಕಾಗದದ ಲಕೋಟೆ ಮೇಜಿನ ಮೇಲಿಟ್ಟ. "ಈ ಸಲ ಖಂಡಿತ ಅಂದಿದ್ರಲ್ಲ, ಅದಕ್ಕೇ ಕಾನ್ಸುಲೇಟಿಗೆ ಬರೆದೆ. ಬರೋ ವರ್ಷದ ಮಾರ್ಚಿಗೆ ದಿನ ಕೊಟ್ಟಿದಾರೆ. ಬೇಗ ಕೊಡಿ ಅಂತ ಕೇಳಿದೆ, ಆಗಲ್ಲವಂತೆ. ಹೋಗಲಿ ಬಿಡಿ. ಇನ್ನೊಂದು ವರ್ಷ ಮೊದಲೇ ಆಗಿದ್ದರೆ ಹಗುರವಾಗಿ ಹೋಗಬಹುದಿತ್ತು."

ಲೆನೋರಾ ಕನ್ನಡಕ ತೆಗೆದಿಟ್ಟಳು. ಅವನ ಮುಖ ಮಂಜಾಗಿ ಕಂಡರೆ ಹೇಳುವುದು ಸುಲಭವೆನಿಸಿತು.

"ಮೂರು ವರ್ಷದ ಹಿಂದೆಯೇ ಆಗಿತ್ತು. ನೀವು ಕೇಳಿದ ದಿನವೇ ಎಲ್ಲ ಸರಿಯಿತ್ತು. ನಾನು ಸುಳ್ಳು ಹೇಳಿದೆ."

ಅವನು ತಿಳಿಯದವನಂತೆ ನೋಡಿದ. "ಯಾಕೆ?"

"ನೀವು ಬರೋದು ನಿಂತುಹೋಗುತ್ತೆ ಅಂತ."

ರಸ್ತೆಯಲ್ಲಿ ಮರದ ದಿಮ್ಮಿಗಳ ಲಾರಿಯೊಂದು ಸೇತುವೆಯ ಕಡೆ ಹೋಯಿತು.

"ಇದನ್ನೆಲ್ಲ ನನ್ನ ಮಗಳ ತಲೆ ಮೇಲೆ ಹೊರಿಸಿದಿರಿ," ಎಂದ ಮೆಲ್ಲಗೆ. ಎದ್ದು, ಲಕೋಟೆ ಎತ್ತಿಕೊಂಡು, ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ. ಬಡಿದು ಹೋಗಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಮುಂದಿನ ನಾಲ್ಕು ದಿನ ಅವಳು ಒಂದೇ ಕೆಲಸ ಮಾಡಿದಳು. ಬ್ಯಾಂಕು ನೇರವಾಗಿ ಅವಳಿಗೇ ಕಳಿಸಿದ್ದ ಕಾಗದದಿಂದ ಅವನ ಈ ವರ್ಷದ ರಿಟರ್ನ್ ತುಂಬಿದಳು. ಆಮೇಲೆ ಜೋಸ್ಲಿನ್‌ಗಾಗಿ ಹಾಳೆ ಹಾಳೆ ಬರೆದಳು: ಅಪ್ಪ ಹೋದಮೇಲೆ ಯಾವ ಖಾತೆಯನ್ನು ಯಾವ ಫಾರ್ಮಿನಲ್ಲಿ ತೋರಿಸಬೇಕು, ವರ್ಷದಲ್ಲಿ ಅತಿ ಹೆಚ್ಚು ಹಣವಿದ್ದ ದಿನವನ್ನು ಹೇಗೆ ಹುಡುಕಬೇಕು, ಕೊನೆಯ ರಿಟರ್ನಿನಲ್ಲಿ ಹೆಸರಿನ ಮುಂದೆ ಏನು ಬರೆಯಬೇಕು. ಆ ಕಡೆಯ ಸಾಲು ಬರೆಯಲು ಒಂದು ಸಂಜೆಯೇ ಹಿಡಿಯಿತು.

ಐದನೆಯ ದಿನ ಫೋನು ಬಂತು.

"ನನ್ನ ಸಹಿ ಬೇಡವಾ ಮೇಡಂ?" ಅವನ ದನಿ ದಣಿದಿತ್ತು.

"ಬೇಕು. ಜೋಸ್ಲಿನ್‌ಗೂ ಎಲ್ಲ ಬರೆದಿಟ್ಟಿದೀನಿ. ಆದರೂ ಮುಂದೆ ನಾನೇ ಮಾಡಿಕೊಡ್ತೀನಿ, ಅವಳು ಒಂದಕ್ಷರ ಓದಬೇಕಾಗಿಲ್ಲ. ನನ್ನ ಮೇಲೆ ಸಿಟ್ಟಿರಲಿ, ಆದರೆ..."

"ಸಿಟ್ಟಿದೆ." ಉಸಿರೆಳೆದುಕೊಂಡ. "ಫಾರ್ಮಿನ ಸಿಟ್ಟು ಎರಡೇ ದಿನಕ್ಕೆ ಇಳಿಯಿತು ಲೆನೋರಾ. ಇನ್ನೊಂದಿದೆ, ಅದು ಇಳೀತಿಲ್ಲ. ಮೂರು ವರ್ಷ ನನ್ನ ಇಟ್ಟುಕೊಳ್ಳೋಕೆ ಸುಳ್ಳು ಹೇಳಿ ನಮಗೆ ಸಿಕ್ಕಿದ್ದೆಷ್ಟು? ಮೂರು ಬೆಳಗ್ಗೆ. 'ಬಾ' ಅಂತ ಒಂದು ಮಾತು ಅಂದಿದ್ದರೆ ದಿನಾ ಬರ್ತಿದ್ದೆನಲ್ಲೇ."

ಹನ್ನೊಂದು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನೀನೂ ಅನ್ನಬಹುದಿತ್ತು," ಎಂದಳು.

"ಅನ್ನಬಹುದಿತ್ತು. ಫಾರ್ಮು ತುಂಬಿಸಿಕೊಳ್ಳೋಕೆ ಬಂದವನು ಏನಂತ ಅನ್ನಲಿ ಅಂತ ಸುಮ್ಮನಾದೆ. ಈಗ ನಾನು ಬರೋ ಹಾಗಿಲ್ಲ. ನೀನೇ ಬಾ."

ಕಚೇರಿಯ ಬಾಗಿಲಿಗೆ 'ಮುಚ್ಚಿದೆ' ಎಂದು ಚೀಟಿ ಅಂಟಿಸಿದಳು. ಮತ್ತೆ ಯಾವಾಗ ತೆರೆಯುತ್ತದೆಂದು ಬರೆಯಲಿಲ್ಲ. ಒಂದು ಪೆಟ್ಟಿಗೆ, ಒಂದು ದಪ್ಪ ಸ್ವೆಟರ್, ಸಹಿಗೆ ಕಾಗದ. ಸೇತುವೆಯ ಕೆಳಗೆ ನದಿಯ ನೀರು ಕಡಲಿನ ಇಳಿತದಲ್ಲಿತ್ತು. ಕಂದು ಕೆಸರು, ಅದರ ಮೇಲೆ ಕಡಲಹಕ್ಕಿಗಳು.

ಗಡಿಯ ಗೂಡಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ನೋಡಿ ಎಂದಿನ ಪ್ರಶ್ನೆಗಳನ್ನು ಕೇಳಿದಳು.

"ಯಾರನ್ನ ನೋಡೋಕೆ ಹೋಗ್ತಿದೀರಾ?"

ಗಿರಾಕಿ ಎನ್ನಲು ಹೋಗಿ ಲೆನೋರಾ ತಡೆದುಕೊಂಡಳು. "ನನ್ನವರನ್ನ."

"ಎಷ್ಟು ದಿನ ಇರ್ತೀರಾ?"

"ಅವರು ಇರೋವರೆಗೆ."

ಹುಡುಗಿ ತಲೆಯೆತ್ತಿ ಅವಳ ಮುಖ ನೋಡಿದಳು. ಆಮೇಲೆ ಪಾಸ್‌ಪೋರ್ಟನ್ನು ಎರಡೂ ಕೈಯಿಂದ ಹಿಂದಿರುಗಿಸಿದಳು.

"ಆರು ತಿಂಗಳವರೆಗೆ ಇರಬಹುದಮ್ಮಾ," ಎಂದಳು.

"ಅಷ್ಟು ಸಿಕ್ಕರೆ ಸಾಕು ಮಗಳೇ," ಎಂದು ಲೆನೋರಾ ಕಾರನ್ನು ಮುಂದೆ ತೆಗೆದಳು.