ಸಕ್ಕರೆಯ ಆನೆ

"ನನಗ ಬ್ಯಾಡ!"

ಮಧು ಹಾಗೆಂದು ತಟ್ಟೆಯನ್ನು ತಳ್ಳಿದ ರಭಸಕ್ಕೆ ಸಕ್ಕರೆಯ ಆನೆ ಉರುಳಿ ನೆಲಕ್ಕೆ ಬಿತ್ತು. ಅದರ ಸೊಂಡಿಲು ಮುರಿದು ಶಂಭುಲಿಂಗನ ಕಾಲ ಬಳಿ ಹೋಗಿ ನಿಂತಿತು. ಗೌರಿ ಹುಣ್ಣಿಮೆಯ ಸಂಜೆ. ಬ್ಯಾಡಗಿಯ ಆ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಹಾಡು ನಿಲ್ಲಿಸಿ ಬಾಯಿ ತೆರೆದು ಕುಳಿತರು. ಹುಣ್ಣಿಮೆಗೆ ಸಕ್ಕರೆ ಆರತಿಯ ಗೊಂಬೆಗಳನ್ನೂ ಸೀರೆಯನ್ನೂ ತರುವವರು ಗಂಡಿನ ಕಡೆಯವರು, ಅದೂ ನಿಶ್ಚಯವಾದ ಹುಡುಗಿಗೆ. ಎಂಟನೆಯ ಇಯತ್ತೆ ಓದುವ ಮಧುವಿಗೆ ಅವನ್ನು ತಂದವನು ಅವಳ ಸೋದರಮಾವ ಶಂಭುಲಿಂಗ. ತರಿಸಿದವಳು ಅಜ್ಜಿ ಗದಿಗೆವ್ವ.

ಮಧು ತೊಟ್ಟಿಲಲ್ಲಿದ್ದಾಗಿನಿಂದಲೂ ಅಷ್ಟೇ, ಶಂಭುಲಿಂಗ ಹೊಸ್ತಿಲು ತುಳಿದರೆ ಸಾಕು, "ಮಧೂ, ನಿನ್ನ ಗಂಡ ಬಂದ ನೋಡ!" ಎನ್ನುವುದು ಗದಿಗೆವ್ವನ ವಾಡಿಕೆ. ಎಲ್ಲರೂ ನಗುತ್ತಿದ್ದರು. ತಾಯಿ ನಿರ್ಮಲಾ ಕೂಡ ನಗುತ್ತಿದ್ದಳು. ಮಗಳು ನಗುವುದನ್ನು ಯಾವಾಗ ನಿಲ್ಲಿಸಿದಳೆಂದು ಹೆತ್ತವಳಾದರೂ ಗಮನಿಸಬೇಡವೇ... ಗಮನಿಸಿರಲಿಲ್ಲ!

"ಯಾರು ಕಲಿಸಿದ್ರು ನಿನಗ ಇದನ್ನ?" ಗದಿಗೆವ್ವ ಗದರಿದಳು.

"ಸಾಲ್ಯಾಗ, ಆಯಿ. ಮುಸರತ ಟೀಚರು ಸಂಬಂಧದ ಪಾಠ ಮಾಡಾಕತ್ತಾರ. ಚಲೋ ಸಂಬಂಧದಾಗ ಅಂಜಿಕಿ ಇರಬಾರ್ದಂತ. ಮನಸ್ಸಿಗೆ ಬರದಿದ್ರ ಬ್ಯಾಡ ಅಂತ ಹೇಳಬೇಕಂತ." ಮಧು ಅಳು ನುಂಗಿದಳು. "ಶಂಭು ಮಾವ ಅಂದ್ರ ನನಗ ಭಾಳ ಜೀವ... ಆದ್ರ ಮಾವ ಅಂತ, ಆಯಿ!"

"ಸಂಬಂಧ ಕಲಸಾಕ ಸಾಲಿ ಬೇಕಾತೇನ? ನಾಳೆ ಮುಂಜಾನೆ ಹೋಗಿ ಹೆಸರು ತಗಸ್ತೇನಿ. ಓದಿದ್ದು ಸಾಕು!"

ಶಂಭುಲಿಂಗ ತಲೆ ತಗ್ಗಿಸಿ, ಬೈಕು ಏರಿ ತಾನಿರುವ ರಾಣೇಬೆನ್ನೂರಿನ ದಾರಿ ಹಿಡಿದ. ಮಧುವಿನ ತಂದೆ ನಾಗಪ್ಪ ಅಂಗಡಿಯ ಮೆಣಸಿನಕಾಯಿ ಚೀಲದ ಹಾಗೆ ಮೂಲೆಯಲ್ಲಿ ಕುಳಿತೇ ಇದ್ದ. ಪೇಟೆಯಲ್ಲಿ ಎಂಥ ದಲ್ಲಾಳಿಯನ್ನೂ ಮಾತಿನಲ್ಲಿ ಮಣಿಸುವ ಮನುಷ್ಯ, ಅವ್ವನ ಮುಂದೆ ಬಾಯಿಯೇ ಇಲ್ಲ! ಅವನೊಬ್ಬನದೇ ತಪ್ಪೆನ್ನುವಂತೆಯೂ ಇಲ್ಲ. ಗದಿಗೆವ್ವನ ಮಾತಿಗೆ ಎದುರಾಡುವುದು ಆ ಮನೆಯಲ್ಲಿ ಯಾರಿಗೂ ರೂಢಿಯಿರಲಿಲ್ಲ.

ಮರುದಿನ ನಿರ್ಮಲಾ ಗದಿಗೆವ್ವನ ಹಿಂದೆ ಶಾಲೆಯ ಕಡೆ ನಡೆದಳು. ಆಕೆ ಅವಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ನಿರ್ಮಲಾಳ ತಾಯಿ ತೀರಿಕೊಂಡಾಗ ಅವಳನ್ನೂ, ಅವಳ ತಮ್ಮನಾದ ಹಸುಗೂಸು ಶಂಭುಲಿಂಗನನ್ನೂ ಎರಡು ಬಗಲಲ್ಲಿ ಹೊತ್ತು ತಂದು ಸಾಕಿದ ಮುದುಕಿ ಈಕೆ. ನಿರ್ಮಲಾ ಕಾಲೇಜಿನ ಮೆಟ್ಟಿಲು ಹತ್ತಬೇಕೆಂದಿದ್ದಾಗ, ಮೊಮ್ಮಗಳು ಮನೆಯಲ್ಲೇ ಉಳಿಯಲೆಂದು ತನ್ನ ಮಗ ನಾಗಪ್ಪನಿಗೇ ತಂದುಕೊಂಡಳು. ಅಂದೂ ಹೀಗೆಯೇ ಹುಣ್ಣಿಮೆಗೆ ಸಕ್ಕರೆಯ ಆನೆ ಬಂದಿತ್ತು. ನಿರ್ಮಲಾ ಅದರ ಸೊಂಡಿಲನ್ನು ಖುಷಿಯಿಂದ ಕಚ್ಚಿ ತಿಂದಿದ್ದಳು! ಗಂಡ ಒಳ್ಳೆಯವನೇ ಸಿಕ್ಕ. ಆದರೆ ನಿನಗೆ ಬೇಕೇ ಎಂದು ಒಂದು ಮಾತು ಯಾರಾದರೂ ಕೇಳಿದ್ದರೆ... ಅಷ್ಟೇ, ಕೇಳಿದ್ದರೆ ಸಾಕಿತ್ತು.

ತರಗತಿಯಲ್ಲಿ ಪಾಠ ನಡೆದಿತ್ತು. ಮುಸರತ ಟೀಚರು, "ಬರ್ರಿ ಆಯಿ, ಕುಂದ್ರಿ. ಸ್ವಲ್ಪ ಹೊತ್ತಿನಾಗ ಮುಗೀತೈತಿ," ಎಂದು ಬಾಗಿಲ ಬಳಿ ಕುರ್ಚಿ ಹಾಕಿಸಿದರು. ಮಕ್ಕಳು ಜೋಡಿ ಜೋಡಿಯಾಗಿ ನಿಂತಿದ್ದರು. ಒಬ್ಬ ಹುಡುಗ ಗೆಳೆಯನ ಹೊಸ ಪೆನ್ನು ಕೇಳಿದ. "ಬ್ಯಾಡ, ನಾ ಕೊಡಂಗಿಲ್ಲ," ಎಂದ ಗೆಳೆಯ. ಕೇಳಿದವನು ಈಗ ಸಿಟ್ಟು ಮಾಡದೆ ಉತ್ತರಿಸಬೇಕು. ಪಾಪ, ಗಲ್ಲ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿ, ಕೊನೆಗೆ "...ಆತು!" ಎಂದ. ಇಡೀ ತರಗತಿ ನಕ್ಕಿತು.

"ಬ್ಯಾಡ ಅನ್ನೂದು ಅರ್ಧ ಪಾಠ ಅಷ್ಟ," ಎಂದರು ಟೀಚರು ನಗುತ್ತಲೇ. "ಇನ್ನೊಬ್ಬರು ಬ್ಯಾಡ ಅಂದಾಗ ಆತು ಅನ್ನೂದೈತಲ್ಲ, ಅದು ಇನ್ನರ್ಧ. ಅದು ದೊಡ್ಡವ್ರಿಗೂ ಲಗೂ ಬರಂಗಿಲ್ಲ."

ಗದಿಗೆವ್ವ ದಿಗ್ಗನೆ ಎದ್ದಳು. "ಮುಗೀತಲ್ಲ ನಿಮ್ಮ ಪಾಠ? ನನ್ನ ಮೊಮ್ಮಗಳ ಹೆಸರು ತಗೀರಿ. ನಿರ್ಮಲಾ, ಹೇಳ ಅವರಿಗೆ! ನೀ ತಾಯಿ ಅದಿ, ನೀ ಹೇಳಿದ್ರ ತಗೀತಾರ."

ಕೊನೆಯ ಬೆಂಚಿನಿಂದ ಮಧು ಅವ್ವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಜಗಳವಿರಲಿಲ್ಲ, ಬೇಡಿಕೆಯಿತ್ತು. ನಿರ್ಮಲಾ ಅಜ್ಜಿಯ ಎದುರಿಗೆ ಬಂದು ನಿಂತಳು. ಒಂದು ಕಡೆ ತುತ್ತು ಕೊಟ್ಟು ಬೆಳೆಸಿದ ಕೈ, ಇನ್ನೊಂದು ಕಡೆ ತಾನು ಹೆತ್ತ ಜೀವ... ಅಯ್ಯೋ, ಯಾವ ತಾಯಿಗೂ ಇಂಥ ಹೊತ್ತು ಬರಬಾರದು!

"ಬ್ಯಾಡ, ಆಯಿ."

"ಏನಂದಿ?"

"ಬ್ಯಾಡ. ಮಗಳ ಸಾಲಿ ನಾ ಬಿಡಸಂಗಿಲ್ಲ. ಆ ಮದುವಿ ಮಾತೂ ಬ್ಯಾಡ." ನಿರ್ಮಲಾ ಅಜ್ಜಿಯ ಎರಡೂ ಕೈ ಹಿಡಿದು ಅತ್ತಳು. "ನಿನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ ನಾ. ಆದ್ರ ಇದಕ್ಕ ಮಾತ್ರ ಬ್ಯಾಡ!"

ಮುದುಕಿ ಕೈ ಬಿಡಿಸಿಕೊಂಡು ಹೊರಗೆ ನಡೆದಳು. ಮನೆಗೆ ಬಂದರೆ ಕಟ್ಟೆಯ ಮೇಲೆ ಶಂಭುಲಿಂಗ ಕುಳಿತಿದ್ದ. ರಾಣೇಬೆನ್ನೂರಿನಲ್ಲಿ ಪಂಪು ರಿಪೇರಿಯ ಅಂಗಡಿ ಮುಚ್ಚಿ ಬಂದಿದ್ದನೆಂದು ಕಾಣುತ್ತದೆ, ಕೈಯಲ್ಲಿ ಇನ್ನೂ ಎಣ್ಣೆಯ ಜಿಡ್ಡಿತ್ತು.

"ನೋಡೋ ನಿಮ್ಮಕ್ಕನ್ನ! ಸಾಲ್ಯಾಗ ಅಷ್ಟು ಹುಡುಗರ ಮುಂದ ನನ್ನ ಮಾತು ತಗದ ಒಗದ್ಲು!" ಎಂದಳು ಗದಿಗೆವ್ವ, ಅಳು ಒತ್ತಿ ಬಂದು.

ಶಂಭುಲಿಂಗ ಅವಳ ಕಾಲ ಬಳಿ ಕುಳಿತ. "ಆಯಿ, ಖರೇ ಹೇಳಲೇನ? ನನಗೂ ಬ್ಯಾಡಾಗಿತ್ತು. ಹೆಗಲ ಮ್ಯಾಲ ಕುಂದರಿಸಿಕೊಂಡು ತಿರಗ್ಯಾಡಿಸಿದ ಕೂಸು ಅದು, ನನಗ ಮಗಳಿದ್ದಂಗ. ನಿನಗ ಹೇಳಾಕ ಧೈರ್ಯ ಬರಲಿಲ್ಲ. ನಿನ್ನೆ ಆ ಕೂಸು ನಂದೂ ಸೇರಿಸಿ ಹೇಳ್ತು."

ಗದಿಗೆವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಳಗಿನಿಂದ ಇಣುಕುತ್ತಿದ್ದ ನಾಗಪ್ಪನ ಮುಖವನ್ನೂ ನೋಡಿದಳು. ಅವನು ಮೆಲ್ಲಗೆ ತಲೆಯಾಡಿಸಿದ.

"ಎಲ್ಲಾರೂ ಬಾಯಿ ಮುಚ್ಚಿಕೊಂಡು ಕುಂತ್ರ ನನಗ ಹೆಂಗ ಗೊತ್ತಾಗಬೇಕ್ರೋ!" ಎಂದು ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. "ಮಗಳು ಹ್ವಾದ್ಲು... ಆಕಿ ಮಕ್ಕಳರ ಕೈ ತಪ್ಪಿ ಹೋಗಬಾರ್ದು ಅಂತ ಗಂಟು ಹಾಕಿಕೋತ ಬಂದೆ. ಬಿಗಿ ಆತೇನೋ..."

ನಿರ್ಮಲಾ ಅವಳನ್ನು ಅಪ್ಪಿಕೊಂಡಳು. ಮುದುಕಿ "ಆತು" ಎನ್ನಲಿಲ್ಲ. ಹೆಸರು ತೆಗೆಸುವ ಮಾತನ್ನೂ ಮತ್ತೆ ಎತ್ತಲಿಲ್ಲ. ಮಧು ದಿನವೂ ಶಾಲೆಗೆ ಹೋದಳು. ಶಂಭುಲಿಂಗ ಮಾತ್ರ ನಾಚಿಕೊಂಡು ಆ ಕಡೆ ಸುಳಿಯಲೇ ಇಲ್ಲ.

ಹೊಸ ಮೆಣಸಿನಕಾಯಿ ಪೇಟೆಗೆ ಬಂದು ಊರೆಲ್ಲ ಸೀನತೊಡಗಿದ ಕಾಲಕ್ಕೆ, ಒಂದು ಮಧ್ಯಾಹ್ನ ಅವನ ಬೈಕು ಬಾಗಿಲಲ್ಲಿ ನಿಂತಿತು. ಅಂಗಳದಲ್ಲಿ ನಿರ್ಮಲಾ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು, ಮಧು ಪಕ್ಕದಲ್ಲಿ ಓದುತ್ತಿದ್ದಳು.

"ಮಧೂ, ನಿನ್ನ ಗಂ..."

ಗದಿಗೆವ್ವನ ಬಾಯಿ ಅಲ್ಲಿಗೇ ನಿಂತಿತು. ನಿರ್ಮಲಾಳ ಕೈಯೂ ನಿಂತಿತು. ಮಧು ಪುಸ್ತಕದಿಂದ ತಲೆ ಎತ್ತಿದಳು.

ಮುದುಕಿ ಒಮ್ಮೆ ಕೆಮ್ಮಿದಳು. "ನಿನ್ನ ಮಾವ ಬಂದಾನ. ನೀರು ಕೊಡು."

ಆಮೇಲೆ ತಾನೇ ಎದ್ದು ಅಡುಗೆ ಮನೆಗೆ ಹೋದಳು. ಗೋಡೆಯ ಮಾಡದಲ್ಲಿದ್ದ ಡಬ್ಬಿ ತೆಗೆದು, ಹುಣ್ಣಿಮೆಯಿಂದ ಮುಚ್ಚಿಟ್ಟಿದ್ದ ಸೊಂಡಿಲಿಲ್ಲದ ಸಕ್ಕರೆಯ ಆನೆಯನ್ನು ತಂದು ನಿರ್ಮಲಾಳ ಕೈಗಿಟ್ಟಳು.

"ಇದನ್ನ ಚಹಾಕ್ಕ ಹಾಕಿಬಿಡು. ಎಲ್ಲಾರಿಗೂ ಆಗ್ತೈತಿ."

"ಆತು, ಆಯಿ," ಎಂದಳು ನಿರ್ಮಲಾ.