ಮೂರನೇ ದಿನದ ಸಾಲು

“ಸಾಲು ನಾನು ನುಂಗಿದೆನಾ? ನನಗೆ ಮನೇಲಿ ಹೊಟ್ಟೆ ತುಂಬ ಊಟ ಹಾಕ್ತಾರೆ ಸ್ವಾಮಿ. ಕಂಡವರ ಸಾಲು ತಿನ್ನೋ ಗತಿ ಬಂದಿಲ್ಲ.”

“ನುಂಗಿದ್ರಿ ಅಂತ ನಾನೆಲ್ಲಿ ಹೇಳಿದೆ? ನನ್ನ ಕಂಪ್ಯೂಟರಲ್ಲಿ ಹಾಗೆ ಆಗ್ತಾ ಇಲ್ಲ ಅಂದೆ, ಅಷ್ಟೇ.”

“ಎರಡೂ ಒಂದೇ. ಸುತ್ತಿ ಬಳಸಿ ಬೈದರೆ ಅದು ಬೈಗುಳ ಅಲ್ವಾ?”

ಟೈಪಿಂಗ್ ಕೋಣೆಯಲ್ಲಿ ಉಳಿದ ನಾಲ್ವರ ಬೆರಳುಗಳು ನಿಂತವು. ವಿಚಾರಣೆಗಳ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ಕಚೇರಿ ಅದು. ಜಗಳಕ್ಕೆ ನಿಂತಿದ್ದ ಅವಳು ಅಲ್ಲಿಗೆ ಸೇರಿ ಹದಿನೆಂಟು ವರ್ಷವಾಗಿತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಬೆನ್ನ ಹಿಂದೆ ಎಲ್ಲರೂ ಒಣಮೆಣಸಿನಕಾಯಿ ಅನ್ನುತ್ತಿದ್ದರು. ಆದರೆ ಕೆಲಸದಲ್ಲಿ ಒಂದಕ್ಷರ ಆಚೀಚೆ ಆಗಿದ್ದಿಲ್ಲ.

ಟೈಪ್ ಮಾಡುವ ಹೊಸ ಸಾಫ್ಟ್‌ವೇರ್, ಅಂದರೆ ಹೊಸ ಎಡಿಟರ್, ಬಂದ ತಿಂಗಳಲ್ಲೇ ಅವಳ ಪುಟಗಳಿಂದ ಮೂರು ಸಲ ಒಂದೊಂದು ಸಾಲು ಮಾಯವಾಯಿತು. ಕೊನೆಯ ಸಲ ಹೋದದ್ದು ಒಬ್ಬ ಸಾಕ್ಷಿ ಹೇಳಿದ ‘ನಾನು ಅಲ್ಲಿರಲಿಲ್ಲ’ ಎಂಬ ಮಾತು. ಕಚೇರಿಯ ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು: ತಪ್ಪು ಎಡಿಟರಿನದೆಂದು ಗೊತ್ತಾಗದಿದ್ದರೆ ಅವಳು ವಿಚಾರಣೆಯ ಕೆಲಸ ಬಿಟ್ಟು ಹಳೇ ಕಡತ ಜೋಡಿಸುವ ಕೋಣೆಗೆ ಹೋಗಬೇಕು. ಹದಿನೆಂಟು ವರ್ಷದ ಹೆಸರು ಒಂದು ಸಾಲಿನ ಜೊತೆ ಹೋಗುವುದರಲ್ಲಿತ್ತು.

ಎದುರಿಗೆ ನಿಂತವನು ಆ ಎಡಿಟರ್ ಬರೆದ ಎಂಜಿನಿಯರ್. ನಲವತ್ತು ದಾಟಿದವನು. ಇಷ್ಟು ಬೈಸಿಕೊಂಡೂ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಒಗಟು ಕೇಳಿದ ಮಗುವಿನ ಹಾಗೆ ತಲೆ ಒಂದು ಕಡೆಗೆ ವಾಲಿಸಿ ನೋಡುತ್ತಿದ್ದ.

“ಸರಿ. ನಿಮ್ಮ ಮಾತು ನಂಬ್ತೀನಿ,” ಎಂದ. “ಸಾಲು ಹೋಗಿದೆ. ಯಾಕೆ ಹೋಯ್ತು ಅಂತ ಇಬ್ಬರೂ ಸೇರಿ ಹುಡುಕೋಣ.”

ನಂಬ್ತೀನಿ ಎಂದವನು ಅವನೊಬ್ಬನೇ. ಬಾಯಿಗೆ ಬಂದಿದ್ದ ಇನ್ನೊಂದು ಮಾತನ್ನು ಅವಳು ಅಲ್ಲೇ ನುಂಗಿಕೊಂಡಳು.

“ಹೇಗೆ ಹುಡುಕೋದು?”

“ಹಳೇ ಎಡಿಟರಲ್ಲಿ ಈ ಕಾಟ ಇರಲಿಲ್ಲ. ಅಲ್ಲಿಂದ ಇಲ್ಲಿಗೆ ಒಂದರ ಮೇಲೊಂದು ಅರವತ್ನಾಲ್ಕು ಬದಲಾವಣೆ ಮಾಡಿದ್ದೀವಿ. ಅದರಲ್ಲಿ ಯಾವುದೋ ಒಂದು ಕಳ್ಳ. ನಾಳೆ ಸರಿಯಾಗಿ ಅರ್ಧ ಬದಲಾವಣೆ ಆಗಿರೋ ಎಡಿಟರ್ ತರ್ತೀನಿ. ಸಾಲು ಹೋದರೆ ಕಳ್ಳ ಮೊದಲರ್ಧದಲ್ಲಿ, ಹೋಗದಿದ್ದರೆ ಎರಡನೇ ಅರ್ಧದಲ್ಲಿ. ಉಳಿದದ್ದನ್ನ ಮತ್ತೆ ಅರ್ಧ ಮಾಡೋದು. ಆರು ದಿನಕ್ಕೆ ಒಂದೇ ಉಳಿಯುತ್ತೆ.”

“ಸಾಲು ಹೋಗಲಿಲ್ಲ ಅಂತ ಯಾವಾಗ ತೀರ್ಮಾನ?”

“ಸಂಜೆ ಐದರವರೆಗೂ ಹೋಗದಿದ್ದರೆ. ಹೋಯ್ತು ಅಂದ ಕೂಡಲೇ ನಾನು ಎದ್ದು ಹೋಗ್ತೀನಿ. ಮರುದಿನದ್ದು ಸಿದ್ಧ ಮಾಡಬೇಕಲ್ಲ.”

ಮೊದಲ ದಿನ ಸಾಲು ಹೋಗಲಿಲ್ಲ. ಐದರವರೆಗೂ ಅವನು ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವಳು ಟೇಪು ಬದಲಿಸುವಾಗಲೆಲ್ಲ ಏನಾದರೂ ಕೇಳುತ್ತಿದ್ದ. ಕೆಮ್ಮನ್ನ ಹೇಗೆ ಬರೀತೀರಿ? ಸುಳ್ಳು ಹೇಳೋವಾಗ ದನಿ ಬದಲಾಗುತ್ತಾ?

“ಆಗುತ್ತೆ. ಸುಳ್ಳು ಹೇಳೋರು ಜಾಸ್ತಿ ವಿವರ ಕೊಡ್ತಾರೆ,” ಎಂದಳು. “ನೀವು ಯಾಕೆ ಮದುವೆ ಆಗಲಿಲ್ಲ?”

“ಇದು ಯಾವ ವಿಚಾರಣೆ?”

“ಉತ್ತರ ಕೊಡಿ.”

“ಅಮ್ಮನನ್ನ ನೋಡ್ಕೊಳ್ತಿದ್ದೆ. ಅವರು ಹೋದ ಮೇಲೆ, ಆಗು ಅನ್ನೋರು ಯಾರೂ ಇರಲಿಲ್ಲ.”

ವಿವರ ಕಡಿಮೆ ಇತ್ತು. ನಿಜವೇ ಇರಬೇಕು ಅಂದುಕೊಂಡಳು.

ಅವಳಿಗೆ ಒಂದೇ ಬೇಸರ. ಯಾವಾಗ ತಿರುಗಿದರೂ ಅವನ ಕಣ್ಣು ಪರದೆಯ ಮೇಲೇ ಇರುತ್ತಿತ್ತು. ಈ ಮನುಷ್ಯನಿಗೆ ಸಾಲು ಬಿಟ್ಟು ಲೋಕದಲ್ಲಿ ಬೇರೇನೂ ಬೇಡ.

ಎರಡನೇ ದಿನ ಬೆಳಗ್ಗೆ ಮನೆಯಿಂದ ಹೊರಡುವಾಗ ಅತ್ತಿಗೆ ಬಾಗಿಲಲ್ಲೇ ತಡೆದರು. “ಏನಮ್ಮಾ, ಕಳೆದುಹೋದ ಸಾಲು ಹುಡುಕೋಕೆ ಕಿವಿಗೆ ಹೊಸ ಓಲೆ ಬೇಕಾ?”

“ಸುಮ್ಮನಿರಿ ಅತ್ತಿಗೆ. ಹಳೇದು ಬಿಗಿಯಾಗಿತ್ತು.”

“ಹೌದೌದು. ಹತ್ತು ವರ್ಷದಿಂದ ಬಿಗಿಯಾಗದ್ದು ಇವತ್ತು ಬಿಗಿಯಾಯ್ತು.”

ಆದರೆ ಅವತ್ತು ಹತ್ತು ಗಂಟೆಗೇ ಸಾಲು ಹೋಯಿತು. “ಹೋಯ್ತು,” ಎಂದಳು. ಅವನು ನಿದ್ದೆಯಿಂದ ಎದ್ದವನಂತೆ, “ಯಾವಾಗ? ಎಲ್ಲಿ?” ಎಂದ. ಪರದೆ ನೋಡುತ್ತಲೇ ಇದ್ದವನಿಗೆ ಕಾಣಲಿಲ್ಲವೆಂದರೆ ಏನು ಕಣ್ಣೋ ಎಂದು ಅವಳಿಗೆ ಸೋಜಿಗವಾಯಿತು. ಅವನು ಬ್ಯಾಗು ಹೆಗಲಿಗೇರಿಸಿ ಹೊರಟುಹೋದ. ಉಳಿದ ದಿನ ಉದ್ದವಾಯಿತು. ಪಕ್ಕದ ಖಾಲಿ ಕುರ್ಚಿಯನ್ನು ಯಾರೋ ಎಳೆದುಕೊಂಡು ಹೋದಾಗ ಅವಳು ಸುಮ್ಮಸುಮ್ಮನೆ ರೇಗಿದಳು.

ಮೂರನೇ ದಿನ ಹತ್ತೂವರೆಗೆ ಸಾಲು ಹೋಯಿತು.

ಅವಳು ಬಾಯಿ ತೆರೆದಳು. ಪಕ್ಕದಲ್ಲಿ ಕೂತವನು ಗಮನಿಸಿರಲಿಲ್ಲ. ಈಗ ಹೇಳಿದರೆ ಅವನು ಎದ್ದ. ಹೇಳದಿದ್ದರೆ ಐದರವರೆಗೆ ಇಲ್ಲೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವಳು ಹೋದ ಸಾಲನ್ನು ಮತ್ತೆ ಟೈಪ್ ಮಾಡಿ ಮುಂದೆ ಹೋದಳು. ಅವತ್ತು ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದರು. ಅವನು ಅಮ್ಮನಿಗೆ ಜಡೆ ಹಾಕಲು ಕಲಿತ ಕಥೆ ಹೇಳಿದ. ಅವಳು ಅಷ್ಟು ನಕ್ಕದ್ದನ್ನು ಕಚೇರಿಯವರು ಹಿಂದೆ ಕಂಡಿರಲಿಲ್ಲ.

“ಇವತ್ತು ಒಂದೂ ಹೋಗಲಿಲ್ಲ, ಅಲ್ವಾ?” ಐದಕ್ಕೆ ಕೇಳಿದ.

“ಇಲ್ಲ.”

ಆ ಒಂದು ಮಧ್ಯಾಹ್ನಕ್ಕೆ ಅವಳು ಚೆನ್ನಾಗಿಯೇ ದಂಡ ತೆತ್ತಳು. ನಾಲ್ಕನೇ ದಿನ ಒಂಬತ್ತೂಮುಕ್ಕಾಲಿಗೆ ಸಾಲು ಹೋಯಿತು, ಐದನೇ ದಿನ ಹನ್ನೊಂದಕ್ಕೆ. ಎರಡು ದಿನವೂ ಅವನು ಊಟದ ಹೊತ್ತಿಗೆ ಮುಂಚೆಯೇ ಹೋದ. ಮತ್ತೆ ಬಚ್ಚಿಡುವ ಧೈರ್ಯ ಅವಳಿಗಾಗಲಿಲ್ಲ.

ಆರನೇ ದಿನ ಹತ್ತಕ್ಕೇ ಹೋಯಿತು. ಅವನು ಕಾಗದದ ಮೇಲೆ ಕೊನೆಯ ಅಂಕಿಗೆ ಸುತ್ತು ಹಾಕಿ ತನ್ನ ಕಚೇರಿಗೆ ಫೋನ್ ಮಾಡಿದ. ಫೋನ್ ಇಟ್ಟಾಗ ಮುಖ ಬಾಡಿತ್ತು.

“ಮೂರನೇ ದಿನ ತಂದಿದ್ದೆನಲ್ಲ, ಅದರ ಮುಂದಿನ ಬದಲಾವಣೆಯೇ ಕಳ್ಳ. ಹೊಸದಾಗಿ ಸೇರಿದ ಹುಡುಗಿ ಮಾಡಿದ್ದು. ಮೆನುವಿನ ಬಣ್ಣ ಬದಲಿಸಿದ್ದು ಅಷ್ಟೇ ಅಂತ ಅಳ್ತಿದ್ದಾಳೆ. ಮೇಲಿನವರು ಕೆಲಸದಿಂದ ತೆಗೀತೀವಿ ಅಂತಿದ್ದಾರೆ. ಬಣ್ಣದಿಂದ ಸಾಲು ಹೇಗೆ ಹೋಗುತ್ತೆ ಅಂತ ನನಗೂ ಅರ್ಥ ಆಗ್ತಿಲ್ಲ. ಆದರೆ ಲೆಕ್ಕ ಹಾಗೇ ಬಂದಿದೆ.”

ಯಜಮಾನರು ಬಾಗಿಲಿಗೆ ಬಂದಿದ್ದರು. “ಸದ್ಯ. ಇವರ ತಪ್ಪಲ್ಲ ಅಂತಾಯ್ತಲ್ಲ. ಬಿಡಿ, ಮುಗೀತು.”

ಮುಗಿದಿತ್ತು. ಸುಮ್ಮನಿದ್ದರೆ ಅವಳ ಹೆಸರು ಅವಳಿಗೆ ವಾಪಸು. ಆದರೆ ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಹೇಗಿರುತ್ತದೆಂದು ಆ ಕೋಣೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

“ಆ ಹುಡುಗಿ ಅಲ್ಲ,” ಎಂದಳು. “ಆ ಬದಲಾವಣೆ ಇಲ್ಲದ ಮೂರನೇ ದಿನದ್ದರಲ್ಲೂ ಸಾಲು ಹೋಗಿತ್ತು. ನಾನು ಬಚ್ಚಿಟ್ಟೆ.”

“ಯಾಕೆ?”

“ಹೇಳಿದ್ದರೆ ನೀವು ಹತ್ತೂವರೆಗೇ ಎದ್ದು ಹೋಗ್ತಿದ್ರಿ.”

ನಾಲ್ವರ ಬೆರಳುಗಳು ಮತ್ತೆ ನಿಂತವು. ಯಜಮಾನರ ಮುಖ ಬದಲಾಯಿತು. “ಅಂದರೆ ನಿಮ್ಮ ಮಾತು ನಂಬೋ ಹಾಗಿಲ್ಲ. ಹಾಗಾದರೆ ಮೊದಲಿನ ಸಾಲುಗಳೂ...”

“ಇಲ್ಲ ಸರ್,” ಅವನು ತಡೆದ. “ಬಚ್ಚಿಡಬೇಕಾದರೆ ಸಾಲು ಹೋಗಿರಲೇಬೇಕು. ತಪ್ಪು ಎಡಿಟರಿನದೇ. ಅದರಲ್ಲಿ ಅನುಮಾನ ಬೇಡ.” ಆಮೇಲೆ ಅವಳ ಕಡೆ ತಿರುಗಿದ. ದನಿ ತಗ್ಗಿತ್ತು. “ಅಲ್ಲಿ ಒಬ್ಬಳು ಅಳ್ತಾ ಕೂತಿದ್ದಾಳೆ. ಕೂತಿರಿ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಕೂತಿರ್ತಿದ್ದೆ.”

ಬ್ಯಾಗು ತೆಗೆದುಕೊಂಡು ಹೋದ. ಜಗಳವಾಡಲು ಬರುತ್ತಿದ್ದ ನಾಲಿಗೆಗೆ ಕ್ಷಮಿಸಿ ಅನ್ನಲು ಬರಲಿಲ್ಲ.

ಸೋಮವಾರ ಅವನು ಬರಲಿಲ್ಲ. ಆ ಹೊಸ ಹುಡುಗಿ ಬಂದಳು.

“ನಿಮ್ಮಿಂದ ಕೆಲಸ ಉಳೀತು ಅಕ್ಕಾ.”

“ಹೋಗೋ ಹಾಗೆ ಆದದ್ದೂ ನನ್ನಿಂದಲೇ ಕಣಮ್ಮ. ನನ್ನದು ತಪ್ಪಾಯ್ತು.”

ಹುಡುಗಿ ನಕ್ಕು ಕುರ್ಚಿ ಎಳೆದುಕೊಂಡಳು. ಅರ್ಧ ಗಂಟೆಯಾಗಿರಲಿಲ್ಲ, ಮೇಜಿನ ಕೆಳಗೆ ಬಗ್ಗಿದಳು. “ಇದೇನಕ್ಕಾ?”

“ಪೆಡಲ್. ಧ್ವನಿ ನಿಲ್ಲಿಸೋಕೆ, ಹಿಂದಕ್ಕೆ ಹೋಗೋಕೆ. ಉಳಿದವರು ಬಿಟ್ಟುಬಿಟ್ಟರು. ನನಗೆ ಕಾಲಿಗೆ ಅಭ್ಯಾಸ.”

ಹುಡುಗಿ ಗಡಿಯಾರ ನೋಡುತ್ತ ಪೆಡಲ್ ಒತ್ತಿಸಿದಳು. ಮತ್ತೆ ಒತ್ತಿಸಿದಳು. ಹನ್ನೆರಡನೇ ಸಲಕ್ಕೆ ಸಾಲು ಹೋಯಿತು. ಎಡಿಟರ್ ನಿಮಿಷಕ್ಕೊಮ್ಮೆ ತನ್ನಷ್ಟಕ್ಕೆ ಸೇವ್ ಮಾಡುವ ಆ ಅರೆಕ್ಷಣದಲ್ಲೇ ಪೆಡಲ್ ಒತ್ತಿದರೆ ಟೈಪ್ ಮಾಡುತ್ತಿದ್ದ ಸಾಲು ಹಾರಿಹೋಗುತ್ತಿತ್ತು. ಪೆಡಲ್ ಇಲ್ಲದವರ ಕಂಪ್ಯೂಟರಲ್ಲಿ ಜನ್ಮ ಪೂರ್ತಿ ಕೂತರೂ ಅದು ಕಾಣುವಂತಿರಲಿಲ್ಲ. ಯಜಮಾನರು ಬಂದು ಕಣ್ಣಾರೆ ನೋಡಿದರು. ಕಡತದ ಕೋಣೆಯ ಮಾತು ಅಲ್ಲಿಗೆ ಸತ್ತಿತು.

ಹುಡುಗಿ ಮಾತ್ರ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಳು. “ಸರ್ ಆರು ದಿನ ಇದೇ ಕುರ್ಚೀಲಿ ಕೂತಿದ್ರಲ್ಲ. ಇಷ್ಟು ದೊಡ್ಡ ಪೆಡಲ್ ಕಾಣಲಿಲ್ವಾ? ಕಣ್ಣೆದುರಿಗೆ ಹೋದ ಸಾಲೂ ಕಾಣಲಿಲ್ಲ ಅಂತೀರಿ. ಅಷ್ಟು ಬುದ್ಧಿವಂತರು, ಏನು ನೋಡ್ತಾ ಕೂತಿದ್ರಂತೆ?”

ಅವಳ ಕೈ ಕಿವಿಯ ಓಲೆಗೆ ಹೋಯಿತು. ಕಿವಿ ಬಿಸಿಯಾಯಿತು.

“ನಿಮ್ಮ ಆಫೀಸು ಎಲ್ಲಿ?”

“ಸೇತುವೆ ದಾಟಿದರೆ ಎಡಗಡೆ, ಮೂರನೇ ಮಹಡಿ. ಯಾಕಕ್ಕಾ?”

ಅವಳು ಹೆಡ್‌ಫೋನ್ ತೆಗೆದಿಟ್ಟು ಎದ್ದಳು. ಯಜಮಾನರು, “ಎಲ್ಲಿಗೆ ಹೊರಟ್ರಿ? ಟೇಪು ಅರ್ಧಕ್ಕೆ ನಿಂತಿದೆ,” ಎಂದರು.

“ನಿಂತಿರಲಿ ಸರ್. ಒಬ್ಬರಿಗೆ ಒಂದು ಮಾತು ಹೇಳೋದು ಬಾಕಿ ಇದೆ.”

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಬೇಗಬೇಗ ಇಳಿದುಹೋಯಿತು. ಅವತ್ತು ಅವಳು ವಾಪಸು ಬರಲಿಲ್ಲ.