ಸೊನ್ನೆಯ ನಂತರ

ಪರದೆಯ ಮೂಲೆಯಲ್ಲಿ ಹಸಿರು ಅಂಕಿಗಳು ಇಳಿಯುತ್ತಿದ್ದವು. ಕ್ಲಿಪ್ಪಿನಲ್ಲಿದ್ದ ಮುದುಕ ತನ್ನ ಎಮ್ಮೆ ಕರು ಹಾಕಿದ ಸುದ್ದಿ ಹೇಳುತ್ತಿದ್ದ. ಡಾಕ್ಟರ್ ಫರ್ಜಾನಾ ಎಮ್ಮೆಯನ್ನೂ ಕರುವನ್ನೂ ಬೆರಳಿನಿಂದ ಮುಂದಕ್ಕೋಡಿಸಿ, ಅಂಕಿ ಐದಕ್ಕೆ ಬಂದಾಗ ಬೆರಳು ತೆಗೆದಳು. ನಾಲ್ಕು, ಮೂರು, ಎರಡು, ಒಂದು. ಸೊನ್ನೆ ಬೀಳುವುದಕ್ಕೂ ಮುದುಕ "ಮೂತ್ರಕ್ಕೆ ಹೋದ್ರೆ ಉರಿ ಡಾಕ್ಟ್ರೇ" ಎನ್ನುವುದಕ್ಕೂ ಸರಿಹೋಯಿತು. ಅವಳು ಔಷಧಿ ಬರೆದು ಮುಂದಿನ ಕ್ಲಿಪ್ ತೆರೆದಳು.

ದಾವಣಗೆರೆಯ ಆ ಚಿಕಿತ್ಸಾಲಯಕ್ಕೆ ಕಾಲಿಟ್ಟು ಬರುವ ರೋಗಿಗಳು ಈಗ ಕಡಿಮೆ. ಜನ ಮನೆಯಲ್ಲೇ ಕೂತು ತಮ್ಮ ತೊಂದರೆಯನ್ನು ವಿಡಿಯೊ ಮಾಡಿ ಕಳಿಸುತ್ತಾರೆ. ಎಡಿಟಿಂಗ್ ತಂತ್ರಾಂಶ ಅದನ್ನು ಒಪ್ಪ ಮಾಡಿ, ಮೂಲೆಯಲ್ಲೊಂದು ಕ್ಷಣಗಣನೆ ಕೂರಿಸಿ ವೈದ್ಯರ ಮುಂದಿಡುತ್ತದೆ. ಮೊದಲು ವಾರಗಟ್ಟಲೆ ಕಾದರೂ ಸಿಗದಿದ್ದ ಉತ್ತರ ಈಗ ಅದೇ ದಿನ ಸಿಗುತ್ತಿತ್ತು. ಸುಳ್ಳು ಹೇಳಬಾರದು, ಫರ್ಜಾನಾ ಆ ಗಡಿಯಾರವನ್ನು ಮನಸಾರೆ ಹರಸಿದ್ದಳು. ಅದರಿಂದಾಗಿಯೇ ಅವಳು ಮಧ್ಯಾಹ್ನದ ಊಟವನ್ನು ಮಧ್ಯಾಹ್ನವೇ ಮಾಡುವಂತಾಗಿದ್ದು.

ಕ್ಲಿಪ್ಪಿಗೆ ಇಳಿಯೆಣಿಕೆ ಅಂಟಿಸುವುದು ಹಳೆಯ ವಿದ್ಯೆ. ಹಿಂದೆಲ್ಲ ಅಡುಗೆಯ ವಿಡಿಯೊಕ್ಕೋ ವ್ಯಾಯಾಮದ ವಿಡಿಯೊಕ್ಕೋ ಎಡಿಟ್ ಮಾಡುವವರು ಅಂಕಿಗಳನ್ನು ಎಳೆದು ತಂದು, ಎಲ್ಲಿ ಶುರು ಎಲ್ಲಿ ಸೊನ್ನೆ ಎಂದು ಕೈಯಾರೆ ಹೊಂದಿಸುತ್ತಿದ್ದರು. ಸೊನ್ನೆ ಎಲ್ಲಿ ಬೀಳಬೇಕೆಂಬುದನ್ನು ತಂತ್ರಾಂಶವೇ ತೀರ್ಮಾನಿಸುವಂತೆ ಮಾಡಿದವನು ಇಂದುಧರ ಎಂಬ ವಿಜ್ಞಾನಿ. ಮನುಷ್ಯ ಮುಖ್ಯವಾದದ್ದನ್ನು ಹೇಳುವ ಮುನ್ನ ಅವನ ಉಸಿರು ಒಂದಿಷ್ಟು ತಡೆಯುತ್ತದೆ, ಕಣ್ಣು ಪಕ್ಕಕ್ಕೆ ಸರಿಯುತ್ತದೆ, ದನಿ ಎಳೆಯಷ್ಟು ತಗ್ಗುತ್ತದೆ. ಇಂದುಧರನ ತಂತ್ರಾಂಶ ಈ ಗುರುತುಗಳನ್ನು ಹಿಡಿದು, 'ವಿಷಯಕ್ಕೆ ಇನ್ನು ಇಷ್ಟು ಸೆಕೆಂಡು' ಎಂದು ಎಣಿಸುತ್ತಿತ್ತು. ವಿಷಯ ಮುಗಿದು ಮಾತನಾಡುವವರು ನಮಸ್ಕಾರ ಎಂದರೆ ಕ್ಲಿಪ್ ಅಲ್ಲಿಗೆ ಮುಕ್ತಾಯ. ಅದರಾಚೆಗೆ ಉಳಿದದ್ದನ್ನು ಮಡಿಚಿ ಒಂದು ಮೂಲೆಯಲ್ಲಿಡುತ್ತಿತ್ತು. ಚಿಕಿತ್ಸಾಲಯದ ಸಿಬ್ಬಂದಿ ಅದಕ್ಕೆ 'ಬಾಲ' ಎಂದು ಹೆಸರಿಟ್ಟಿದ್ದರು. ಬಾಲವನ್ನು ಬಿಚ್ಚಿ ನೋಡುವಷ್ಟು ಪುರುಸೊತ್ತು ಯಾರಿಗಿತ್ತು?

ಹಾಲಮ್ಮ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮೊಣಕಾಲು ಸವೆಸಿಕೊಂಡ ಹೆಂಗಸು. ಭಟ್ಟಿಗೆ ಬಿಸಿಲಿನಿಂದ ಕಾಯುವ ಒಲೆ ಬಂದಿದ್ದರೂ ಜರಡಿ ಹಿಡಿಯುವ ಕೈ ಇನ್ನೂ ಅವಳದೇ. ಮೊಣಕಾಲಿಗೆ ಕೊಡಬೇಕಾದ ಸೂಜಿಯನ್ನು ಕ್ಲಿಪ್ಪಿನ ಮೂಲಕ ಕೊಡಲಾಗದ್ದರಿಂದ ಅವಳನ್ನು ಕರೆಸಿದ್ದರು. ಫರ್ಜಾನಾ ಸೂಜಿ ಕೊಟ್ಟು, ಎರಡು ದಿನ ಭಾರ ಎತ್ತಬೇಡಿ ಎಂದು ಹೇಳಿದಳು. ಹಾಲಮ್ಮ ಕೈ ಮುಗಿದು, ಸೆರಗು ಸರಿಮಾಡಿಕೊಂಡು, ಬಾಗಿಲವರೆಗೆ ಹೋಗಿ ಚೌಕಟ್ಟು ಹಿಡಿದು ನಿಂತಳು.

"ಅಂದಂಗ ಡಾಕ್ಟ್ರಮ್ಮ, ರೊಟ್ಟಿ ಇಳೀವಲ್ದು ನೋಡ್ರಿ. ಎದ್ಯಾಗ ನಿಂತಂಗ ಆಗ್ತೈತಿ. ನೀರು ಕುಡುದ್ರ ಹೋಗ್ತೈತಿ. ವಯಸ್ಸಾತಲ್ಲ, ಹಂಗ ಇರ್ತೈತೇನೋ."

ಫರ್ಜಾನಾಳ ಕೈಯಲ್ಲಿದ್ದ ಪೆನ್ನು ನಿಂತಿತು. "ಎಷ್ಟು ದಿನದಿಂದ?"

"ಮಳೆಗಾಲ ಶುರುವಾದಾಗಿಂದ."

"ಇದನ್ನ ಮೊದಲೇ ಹೇಳೋದಲ್ವೇನಮ್ಮ!"

"ಹೇಳೀನಲ್ರೀ ಯವ್ವ. ವಿಡಿಯೊ ಕಳಿಸಿದಾಗೆಲ್ಲ ಹೇಳೀನಿ. ನೀವು ಮಣಕಾಲಿಗೆ ಗುಳಿಗಿ ಕೊಟ್ರಿ. ಇದೇನು ದೊಡ್ಡದಲ್ಲ ಅಂತ ಸುಮ್ಮನಾದ್ರೇನೋ ಅನ್ಕಂಡೆ."

ಅವಳನ್ನು ಹೊರಗೆ ಕೂರಿಸಿ ಫರ್ಜಾನಾ ಹಳೆಯ ಕ್ಲಿಪ್‌ಗಳ ಬಾಲ ಬಿಚ್ಚಿದಳು. ಮೊದಲ ಕ್ಲಿಪ್ಪಿನಲ್ಲಿ ಹಾಲಮ್ಮ ಮೊಣಕಾಲಿನ ಪುರಾಣವನ್ನೆಲ್ಲ ಹೇಳಿ, ನಮಸ್ಕಾರ ಮಾಡಿ, ಫೋನು ಆರಿಸಲು ಕೈ ಚಾಚಿದವಳು ಹಾಗೇ ನಿಂತು, "ಇನ್ನೊಂದು ಮಾತು, ರೊಟ್ಟಿ..." ಎಂದಿದ್ದಳು. ಎರಡನೆಯದರಲ್ಲೂ ಅದೇ ಮಾತು. ಮೂರನೆಯದರಲ್ಲಿ ದನಿಯಲ್ಲಿ ಸಂಕೋಚ ಸೇರಿಕೊಂಡಿತ್ತು, ಹೇಳಿದ್ದನ್ನೇ ಮತ್ತೆ ಹೇಳುವವರ ಸಂಕೋಚ. ಫರ್ಜಾನಾಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಭಯವಾಯಿತು. ಗಂಟಲಿನ ಮೂಲಕ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ ಹಾಲಮ್ಮನನ್ನು ಅಂದೇ ಕಳಿಸಿದಳು. ಅನ್ನನಾಳದಲ್ಲಿ ಗಡ್ಡೆ ಬೆಳೆದಿತ್ತು. ತಡವಾಗಿದೆ, ಆದರೆ ಕೈ ಮೀರಿಲ್ಲ, ಆಪರೇಷನ್ ಮಾಡಿ ನೋಡೋಣ ಎಂದರು ಅಲ್ಲಿಯ ತಜ್ಞರು.

ಫರ್ಜಾನಾ ಫೋನ್ ಮಾಡಿದ ಮರುದಿನವೇ ಇಂದುಧರ ಬಂದ. ಅವನ ಪ್ರಯೋಗಾಲಯವೂ ಅದೇ ಊರಿನಲ್ಲಿತ್ತು. ಕ್ಲಿಪ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡ.

"ಸೊನ್ನೆ ತಪ್ಪು ಜಾಗದಲ್ಲೇನೂ ಬಿದ್ದಿಲ್ಲವಲ್ಲ ಡಾಕ್ಟ್ರೇ. ಮೊಣಕಾಲು ನೋವು ನಿಜ ತಾನೆ?"

"ನಿಜ ಸರ್. ಆದ್ರೆ ಮೊಣಕಾಲು ನೋವಿಂದ ಯಾರೂ ಸಾಯಲ್ಲ."

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. ಆಮೇಲೆ ಹೇಳಿದ, "ತಂತ್ರಾಂಶಕ್ಕೆ ಮೊದಲು ಕಲಿಸಿದ್ದು ಕಾಲೇಜಿನ ಪಾಠ, ಆಫೀಸಿನ ಮೀಟಿಂಗು. ಅಲ್ಲಿ ನಮಸ್ಕಾರ ಅಂದ್ರೆ ಮುಗೀತು ಅಂತ ಅರ್ಥ."

"ನಿಮ್ಮ ಮನೇಲಿ ನೆಂಟರು ನಮಸ್ಕಾರ ಅಂದ ತಕ್ಷಣ ಹೊರಟುಬಿಡ್ತಾರಾ?"

ಇಂದುಧರನಿಗೆ ನಗು ತಡೆಯಲಾಗಲಿಲ್ಲ. "ಎಲ್ಲಿ ಹೊರಡ್ತಾರೆ! ನಮ್ಮ ಚಿಕ್ಕಪ್ಪ ಚಪ್ಪಲಿ ಹಾಕ್ಕೊಂಡ ಮೇಲೇ ಮಾತು ಶುರು ಮಾಡೋದು. ಅಲ್ಲಿಂದ ಗೇಟಿನ ಹತ್ರ ಅರ್ಧ ತಾಸು. ನಮ್ಮ ಅಕ್ಕನ ಮದುವೆ ಮಾತು ಮುರಿದಿದ್ದೂ ಆ ಗೇಟಿನ ಹತ್ರಾನೇ, ಮತ್ತೆ ಕೂಡಿದ್ದೂ ಅಲ್ಲೇ."

"ಅಷ್ಟೆಲ್ಲ ಗೊತ್ತಿದ್ದೂ..."

"ಯಂತ್ರಕ್ಕೆ ಕಲಿಸುವಾಗ ನಮ್ಮನೆ ಗೇಟು ನೆನಪಾಗಲಿಲ್ಲ ಡಾಕ್ಟ್ರೇ." ನಗು ಅವನ ಮುಖದಿಂದ ಹೋಗಿತ್ತು. "ಒಂದು ಕೆಲಸ ಮಾಡ್ತೀನಿ. ನಮಸ್ಕಾರದ ಆಚೆಗೂ ಹುಡುಕಿ ಎರಡನೇ ಸೊನ್ನೆ ಕೂರಿಸ್ತೀನಿ."

"ಆಗ ಜನ ಅದನ್ನೂ ದಾಟಿದ ಮೇಲೇ ಹೇಳ್ತಾರೆ ಸರ್. ಹೆದರಿಕೆಯಾದ ವಿಷಯಾನ ಯಾರೂ ಕೂತ್ಕೊಂಡು ಹೇಳಲ್ಲ. ಎದ್ದು ನಿಂತು, ಏನೂ ಅಲ್ಲವೇನೋ ಅನ್ನೋ ಹಾಗೆ ಹೇಳ್ತಾರೆ. ನಾವು ಹೋಗಲಿ ಬಿಡಿ ಅಂದುಬಿಟ್ರೆ ಅವರಿಗೂ ಒಂಥರಾ ಸಮಾಧಾನ."

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಒಪ್ಪಿಕೊಂಡದ್ದು ತೀರ ಸರಳವಾದ ಬದಲಾವಣೆ. ಸೊನ್ನೆ ಬಿದ್ದ ಮೇಲೆ ಅಂಕಿ ಮಾಯವಾಗಬೇಕು, ಮಡಿಚುವುದು ನಿಲ್ಲಬೇಕು, ಕ್ಲಿಪ್ ಪೂರ್ತಿ ಓಡುವತನಕ ಮುಂದಿನದು ತೆರೆಯಬಾರದು. ಇಂದುಧರನ ಮುಖದಲ್ಲಿ ಸ್ವಂತ ಮಗುವಿನ ಕೈ ಕಟ್ಟಿಹಾಕಿದ ತಂದೆಯ ಸಂಕಟವಿತ್ತು. ಆದರೂ ಹೂಂ ಎಂದ. ಚೀಲ ಹೆಗಲಿಗೇರಿಸಿ, ಬರ್ತೀನಿ ಎಂದು ಬಾಗಿಲ ಹತ್ತಿರ ಹೋದವನು ಚೌಕಟ್ಟಿಗೆ ಕೈಯಿಟ್ಟು ತಿರುಗಿದ.

"ಅಂದಹಾಗೆ ಡಾಕ್ಟ್ರೇ, ದೊಡ್ಡದೇನಲ್ಲ. ಈ ಎಡಗಿವಿಯಲ್ಲಿ ಯುಗಾದಿಯಿಂದ ಒಂಥರಾ ಗುಂಯ್ ಅಂತ..." ಅಷ್ಟಕ್ಕೆ ಬಾಯಿ ಮುಚ್ಚಿ, ತಾನು ಹಿಡಿದಿದ್ದ ಚೌಕಟ್ಟನ್ನೇ ನೋಡಿದ.

"ಬನ್ನಿ, ಕೂತ್ಕೊಳಿ," ಎಂದಳು ಫರ್ಜಾನಾ. ಈ ಸಲ ನಕ್ಕವಳು ಅವಳು.

ಹೊಸ ಪದ್ಧತಿ ಯಾರಿಗೂ ಅಷ್ಟಾಗಿ ಹಿಡಿಸಲಿಲ್ಲ. ಒಂದೇ ದಿನಕ್ಕೆ ಸಿಗುತ್ತಿದ್ದ ಉತ್ತರ ಮೂರು ನಾಲ್ಕು ದಿನಕ್ಕೆ ಹೋಯಿತು. ಜನ ಬೈದರು, ಮೇಲಿನವರು ವಿವರಣೆ ಕೇಳಿದರು. ಫರ್ಜಾನಾಳ ಊಟ ಮತ್ತೆ ಸಂಜೆಗೆ ಜಾರಿತು. ಬಾಲಗಳಲ್ಲಿ ಬಹುಪಾಲು ಏನೂ ಇರುತ್ತಿರಲಿಲ್ಲ: ನಾಯಿ ಬೊಗಳುವುದು, ಫೋನು ಆರಿಸಲು ಬಾರದೆ ಯಾರನ್ನೋ ಕೂಗುವುದು, ನಿಮ್ಮದು ಊಟ ಆಯ್ತಾ ಎಂದು ವಿಚಾರಿಸುವುದು. ಒಮ್ಮೊಮ್ಮೆ ಮಾತ್ರ, ಗಂಡ ಹೊಡೆಯುವ ಸುದ್ದಿ. ಒಮ್ಮೊಮ್ಮೆ ಎದೆಯಲ್ಲಿ ಸಿಕ್ಕ ಗಂಟು. ಅದನ್ನು ಕಂಡ ದಿನ ಅವಳಿಗೆ ಬೈಗುಳ ತಾಗುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹಾಲಮ್ಮನ ಕ್ಲಿಪ್ ಬಂತು. ಆಪರೇಷನ್ ಆದ ಮೇಲೆ ಅವಳು ಕಳಿಸಿದ ಮೊದಲ ಕ್ಲಿಪ್ ಅದು. ಅದರಲ್ಲಿ ಮಾತೇ ಇರಲಿಲ್ಲ. ಎಲ್ಲಿಂದ ಎಣಿಸಬೇಕೆಂದು ತಿಳಿಯದೆ ಗಡಿಯಾರ ಮೂಲೆಯಲ್ಲಿ ಬರಿಯ ಗೆರೆ ಎಳೆದು ಸುಮ್ಮನಿತ್ತು. ಭಟ್ಟಿಯ ಮುಂದೆ ಕೂತ ಹಾಲಮ್ಮನ ಮಡಿಲಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ. ಚಿಟಿಕೆಯಷ್ಟು ಬಾಯಿಗಿಟ್ಟಳು. ಅಗಿದಳು, ಬಹಳ ಹೊತ್ತು ಅಗಿದಳು. ನುಂಗಿ, ಎದೆಯ ಮೇಲೆ ಕೈಯಿಟ್ಟುಕೊಂಡು ಕಾದಳು. ಇಳಿಯಿತು. ಮತ್ತೊಂದು ಚಿಟಿಕೆ ತೆಗೆದುಕೊಂಡಳು.

ಫರ್ಜಾನಾಳ ಬೆರಳು ತನ್ನಷ್ಟಕ್ಕೆ ಪರದೆಯ ಮೇಲೆ ಹೋಗಿ ಮುಂದಕ್ಕೆ ಓಡಿಸಲು ಹವಣಿಸಿತು. ಈ ಚಾಳಿ ಇಂದುಧರನ ಗಡಿಯಾರ ಕಲಿಸಿದ್ದಲ್ಲ ಎಂದು ಅವಳಿಗೆ ಆಗ ಅನ್ನಿಸಿತು. ಅವಳು ಕಾಲೇಜಿನಲ್ಲಿದ್ದಾಗಲೇ, ಫೋನಿಗೆ ಬಂದ ಅಮ್ಮಿಯ ಧ್ವನಿಸಂದೇಶಗಳನ್ನು ಎರಡರಷ್ಟು ವೇಗದಲ್ಲಿ ಕೇಳಿ, ಅರ್ಧಕ್ಕೇ 'ಸರಿ' ಎಂದು ಉತ್ತರ ಹಾಕುತ್ತಿದ್ದ ಕಾಲದಲ್ಲೇ ಬೆರಳು ಪಳಗಿತ್ತು. ಎಲ್ಲರೂ ಹಾಗೇ ಕೇಳುತ್ತಿದ್ದರು. ಗಡಿಯಾರ ಬಂದದ್ದು ಆಮೇಲೆ. ಅವಳು ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

ತಟ್ಟೆ ಖಾಲಿಯಾಯಿತು. ಹಾಲಮ್ಮ ಅದನ್ನು ಕ್ಯಾಮೆರಾಕ್ಕೆ ತಿರುಗಿಸಿ ತೋರಿಸಿದಳು. ನಮಸ್ಕಾರ ಮಾಡಿದಳು. ಫೋನು ಆರಿಸದೆ ಹಾಗೇ ಕೂತು, ಆ ಕಡೆಯವರು ಎದ್ದುಹೋದರೋ ಇನ್ನೂ ಇದ್ದಾರೋ ಎಂದು ಪರೀಕ್ಷಿಸುವವಳಂತೆ ನೆಟ್ಟಗೆ ನೋಡತೊಡಗಿದಳು.

ಫರ್ಜಾನಾ ಕೂತೇ ಇದ್ದಳು.